ಬೂಷ್ಟಿನ ಡಾಕ್ಟರು

ಮನುಷ್ಯನಿಗೆ ಕಷ್ಟವಾದ ಪ್ರಶ್ನೆಗಳೆಲ್ಲ ದೇವರು, ಸಾವು, ಮೋಕ್ಷಗಳ ಬಗ್ಗೆ ಇರುತ್ತವೆಂದು ತಿಳಿದವರು ಹೇಳುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಮಂಡ್ಯದಿಂದ ಭಾರತೀನಗರಕ್ಕೆ ಹೋಗುವ ಬಸ್ಸಿನಲ್ಲಿ ಪಕ್ಕದ ಸೀಟಿನವರು ಕೇಳುವ “ತಾವು ಏನ್ ಮಾಡ್ಕಂಡಿದ್ದೀರಿ ಸಾ?” ಎಂಬುದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿಲ್ಲ. ಕಾಲೇಜಿನಲ್ಲಿ ಪಾಠ ಹೇಳುತ್ತೇನೆ ಎಂದು ಅಲ್ಲಿಗೇ ನಿಲ್ಲಿಸಿದರೆ ಸುಖ. ಆದರೆ ನನಗೆ ವಿದ್ಯಾವಂತನೆಂದು ತೋರಿಸಿಕೊಳ್ಳುವ ಚಪಲ. “ಪಿಎಚ್.ಡಿ.ಯನ್ನೂ ಮಾಡುತ್ತಿದ್ದೇನೆ, ನೂಲಿನಂತೆ ಎಳೆ ಎಳೆಯಾಗಿ ಬೆಳೆಯುವ ಶಿಲೀಂಧ್ರಗಳ ಜೀನುಗಳ ಮೇಲೆ” ಎನ್ನುತ್ತಿದ್ದೆ. ಸಾಮಾನ್ಯವಾಗಿ ಅಲ್ಲಿಗೆ ಮಾತು ನಿಲ್ಲುತ್ತಿತ್ತು. ಕಬ್ಬಿನ ರೈತರೊಬ್ಬರು ಮಾತ್ರ ಬಿಡದೆ ವಿಚಾರಿಸಿ, “ಅಂದ್ರೆ ಬೂಷ್ಟು” ಎಂದು ತೀರ್ಪು ಕೊಟ್ಟು ಕಿಟಕಿಯ ಕಡೆ ತಿರುಗಿಕೊಂಡರು. ಎಷ್ಟೋ ವರ್ಷದ ನನ್ನ ಓದು ಎರಡು ಅಕ್ಷರಕ್ಕೆ ಇಳಿಯಿತು.

ನಾನು ಸಾಕುತ್ತಿದ್ದುದು ಭತ್ತಕ್ಕೆ ಬೆಂಕಿರೋಗ ತರುವ ಬೂಷ್ಟು. ಗರಿಗಳ ಮೇಲೆ ಕಣ್ಣಿನಾಕಾರದ ಚುಕ್ಕೆಗಳು ಮೂಡುತ್ತವೆ. ನೋಡನೋಡುತ್ತಲೇ ಗದ್ದೆ ಬೆಂಕಿ ತಗುಲಿದಂತೆ ಒಣಗುತ್ತದೆ. ಪ್ರಯೋಗಾಲಯದಲ್ಲಿ ಈ ಮಹಾರಾಯನಿಗೆ ಓಟ್ಸ್ ಗಂಜಿಯೇ ಆಗಬೇಕು. ನಾನು ಮುದ್ದೆ ಉಂಡುಕೊಂಡು ಅದಕ್ಕೆ ಓಟ್ಸ್ ಕೊಳ್ಳುವುದನ್ನು ಕಂಡ ಅಂಗಡಿಯವರು, “ಸಕ್ಕರೆ ಕಾಯ್ಲೆನಾ ಸಾ, ಈ ವಯಸ್ಸಿಗೇ?” ಎಂದು ಮರುಗಿದರು. ಬೂಷ್ಟಿಗೆ ಎಂದು ಹೇಳುವುದಕ್ಕಿಂತ ಕಾಯಿಲೆಯನ್ನು ಒಪ್ಪಿಕೊಳ್ಳುವುದೇ ಮರ್ಯಾದೆ ಎನ್ನಿಸಿ ಹೂಂ ಎಂದೆ. ಅಂದಿನಿಂದ ಅವರ ಅಂಗಡಿಯಲ್ಲಿ ನನಗೆ ಬೆಲ್ಲ ಹುಟ್ಟಲಿಲ್ಲ.

ಇಡೀ ಬಳಗದಲ್ಲಿ ನನ್ನ ಓದಿನ ಬಗ್ಗೆ ಕೂತು ಕೇಳಿದವಳು ಅಕ್ಕ ಒಬ್ಬಳೇ. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವಳನ್ನು ಕೊತ್ತತ್ತಿಗೆ ಕೊಟ್ಟಿತ್ತು. ಭಾವ ಹಾಲಿನ ಡೇರಿಯ ಕೆಲಸದಲ್ಲಿ ಇದ್ದುದರಿಂದ ನಾಲೆ ಬಯಲಿನ ಗದ್ದೆಯನ್ನು ನೋಡಿಕೊಳ್ಳುತ್ತಿದ್ದವಳು ಅವಳೇ. ಬೆಂಕಿರೋಗ ತಡೆಯುವ ತಳಿಯೆಂದು ಬಿತ್ತನೆ ಭತ್ತ ತಂದುಕೊಟ್ಟವನು ನಾನು. ಮೂರು ವರ್ಷ ಒಂದು ಚುಕ್ಕೆಯೂ ಇಲ್ಲದೆ ಬೆಳೆ ಬಂತು. “ಇದ್ಕೆ ಮಾತ್ರ ಯಾಕ್ಲಾ ರೋಗ ಬರಲ್ಲ?” ಎಂದು ಒಮ್ಮೆ ಕೇಳಿದಳು. ನಾನು ಬದುವಿನ ಮೇಲೆ ನಿಂತು ಪಾಠ ಶುರು ಮಾಡಿದೆ: “ಈ ಭತ್ತದೊಳಗೆ ಒಬ್ಬ ಕಾವಲುಗಾರ ಇದ್ದಾನೆ ಅಂದ್ಕೊ. ಬೂಷ್ಟು ತೊಟ್ಟಿರೋ ಅಂಗಿ ನೋಡಿ ಗುರುತು ಹಿಡಿದು ಆಚೆಗೇ ತಡೀತಾನೆ. ಆ ಅಂಗಿ ಹೊಲಿಯೋ ಜೀನು ಇದೆಯಲ್ಲ, ಅದನ್ನೇ ನಾನು ಓದ್ತಿರೋದು.” ಅಕ್ಕ ಕಳೆ ಕೀಳುವುದನ್ನು ನಿಲ್ಲಿಸದೆ, “ಕಳ್ಳ ಅಂಗಿ ಬಿಚ್ಚಾಕಿ ಬಂದ್ರೆ?” ಎಂದಳು. ನಮ್ಮ ವಿಷಯದ ಅತಿರಥರು ತಲೆ ಕೆಡಿಸಿಕೊಂಡಿರುವುದು ಇದೇ ಪ್ರಶ್ನೆಗೆ. ನಾನು “ಅದೆಲ್ಲ ಆಮೇಲೆ ಓದೋದು” ಎಂದೆ. ಪಾಠ ಓದಿಕೊಂಡು ಬಾರದ ದಿನ ಮೇಷ್ಟರುಗಳು ಹೇಳುವ ಮಾತು ಅದು.

ನಾಲ್ಕನೇ ವರ್ಷ ಅಕ್ಕ ಬಸ್ಸು ಹತ್ತಿ ಮಂಡ್ಯದ ಪ್ರಯೋಗಾಲಯಕ್ಕೇ ಬಂದಳು. ಟಿಫನ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಭತ್ತದ ಗರಿಗಳಿದ್ದವು.

“ನೋಡ್ಲಾ, ನಾಲೆ ಕಡೆ ಮೂಲೇಲಿ ಸುರುವಾಗದೆ. ಕಣ್ ಬುಟ್ಕಂಡು ನೋಡ್ದಂಗವೆ.”

ನಾನು ಆಗ ನಮ್ಮ ಗೈಡು ಕೇಳಿದ್ದ ಬೇರೆ ಮಾದರಿಗಳ ಗಡಿಬಿಡಿಯಲ್ಲಿದ್ದೆ. “ಯೂರಿಯಾ ಜಾಸ್ತಿ ಹಾಕಿರ್ತೀಯ. ಗೊಬ್ಬರ ಹೆಚ್ಚಾದ್ರೆ ಹಿಂಗೇ ಆಗೋದು” ಎಂದೆ.

“ಗೊಬ್ರ ಎಲ್ಲಾ ಕಡೀಕೂ ಒಂದೇ ಸಮ ಆಕಿವ್ನಿ ಕಣ್ಲಾ. ಇದು ಬ್ಯಾರೆ ಜಾತಿ ಬೂಷ್ಟು ಬಂದದೆ. ವಸಿ ನೋಡು.”

ನೋಡುತ್ತೇನೆಂದು ಗರಿಗಳನ್ನು ಒಣಗಿಸಿ, ಕಾಗದದ ಕವರಿನಲ್ಲಿ ಹಾಕಿ ಫ್ರಿಜ್ಜಿನಲ್ಲಿಟ್ಟೆ. ಅವತ್ತು ಹೊರಡುವಾಗ ಅಕ್ಕ ಹೊಟ್ಟೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತಳು. ಆಗಾಗ ಹಿಂಗೆ ನೋವು ಬರುತ್ತದೆ ಎಂದಳು. ಅದಕ್ಕೂ ನನ್ನಲ್ಲಿ ಉತ್ತರ ಸಿದ್ಧವಿತ್ತು. ಗ್ಯಾಸು ಎಂದೆ, ಒಂದು ಮಾತ್ರೆ ಕೊಡಿಸಿ ಬಸ್ಸು ಹತ್ತಿಸಿದೆ.

ಗ್ಯಾಸು ಆಗಿರಲಿಲ್ಲ. ಸುಗ್ಗಿ ಮುಗಿಯುವಷ್ಟರಲ್ಲಿ ಅಕ್ಕ ಮಂಡ್ಯದ ಆಸ್ಪತ್ರೆಯ ಮಂಚದ ಮೇಲಿದ್ದಳು. ಕ್ಯಾನ್ಸರು ಯಕೃತ್ತಿಗೆ ಹರಡಿದೆ, ತಡವಾಯಿತು ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಒಂದು ಸಂಜೆ ಭಾವ ಕಾಫಿ ತರಲು ಹೋಗಿದ್ದಾಗ ಅಕ್ಕ ಕೇಳಿದಳು, “ಆ ಎಲೆ ನೋಡ್ದೇನ್ಲಾ?”

ಕವರು ಇಟ್ಟಲ್ಲೇ ಇತ್ತು. ಇಲ್ಲವೆನ್ನಲು ನಾಚಿಕೆಯಾಯಿತು. “ನೋಡ್ದೆ ಅಕ್ಕ. ಗೊಬ್ಬರದ್ದೇ” ಎಂದೆ.

“ಅಂಗಾದ್ರೆ ನಂದೇ ತಪ್ಪು ಬುಡು” ಎಂದಳು. ಅದಾದ ನಾಲ್ಕು ದಿನಕ್ಕೆ ತೀರಿಹೋದಳು.

ಹನ್ನೊಂದನೇ ದಿನದ ಕಾರ್ಯ ಮುಗಿದ ಮೇಲೆ ಮನೆಯಲ್ಲಿ ಕೂರಲಾಗದೆ ಪ್ರಯೋಗಾಲಯಕ್ಕೆ ಹೋದೆ. ಆ ಕವರು ತೆಗೆದೆ. ಒಣಗಿದ ಗರಿಗೆ ತೇವ ಕೊಟ್ಟರೆ ಬೂಷ್ಟು ಮತ್ತೆ ಎದ್ದು ಕೂರುತ್ತದೆ. ಅಕ್ಕನ ಗದ್ದೆಯ ಬೂಷ್ಟು ಎರಡೇ ದಿನದಲ್ಲಿ ಎದ್ದಿತು. ಓಟ್ಸ್ ಮೇಲೆ ಬೂದು ಬಣ್ಣದ ನೂಲು ಹಾಸಿತು. ಹದಿನೈದು ವರ್ಷ ನಾಟಿ ಮಾಡಿದ ಅಕ್ಕ ಇಲ್ಲ, ಈ ದರಿದ್ರದ್ದು ಓಟ್ಸ್ ತಿಂದುಕೊಂಡು ಬದುಕಿದೆಯಲ್ಲ ಎಂದು ಅದರ ಮೇಲೆ ಸಿಟ್ಟು ಬಂತು. ಆದರೂ ಡಿಎನ್‌ಎ ತೆಗೆದು, ಅಂಗಿ ಹೊಲಿಯುವ ಜೀನು ಇದೆಯೇ ಎಂದು ಪರೀಕ್ಷೆಗೆ ಇಟ್ಟೆ. ಜೀನು ಇದ್ದರೆ ಕೊನೆಯಲ್ಲಿ ಒಂದು ಪಟ್ಟೆ ಹೊಳೆಯುತ್ತದೆ. ಅದಕ್ಕೆ ನಾವು ಬ್ಯಾಂಡು ಎನ್ನುತ್ತೇವೆ. ಬೇರೆ ಜೀನುಗಳ ಬ್ಯಾಂಡೆಲ್ಲ ಬಂದವು. ಅದೊಂದರದ್ದು ಬರಲಿಲ್ಲ. ನನ್ನ ಕೈಕೆಲಸದ ಮೇಲೆ ನನಗೇ ನಂಬಿಕೆ ಇಲ್ಲದ್ದರಿಂದ ಮೂರು ಸಲ ಮಾಡಿದೆ. ಮೂರು ಸಲವೂ ಆ ಜಾಗ ಕತ್ತಲೆ. ಬೂಷ್ಟು ಆ ಜೀನನ್ನೇ ಕಳೆದುಕೊಂಡಿತ್ತು. ಕಳ್ಳ ಅಂಗಿ ಬಿಚ್ಚಿಹಾಕಿ ಬಂದಿದ್ದ.

ನಾನು ಸ್ಟೂಲಿನ ಮೇಲೆ ಕೂತು ಅಳುತ್ತಿದ್ದಾಗ ನಮ್ಮ ಪ್ರಯೋಗಾಲಯದ ಅಟೆಂಡರು ನಜೀರಣ್ಣ ಗಾಜಿನ ಸಾಮಾನು ತೊಳೆದುಕೊಂಡು ಒಳಗೆ ಬಂದರು.

“ಯಾಕ್ ಸಾ, ಬ್ಯಾಂಡ್ ಬರ್ಲಿಲ್ವಾ? ಅದಕ್ಯಾರಾದ್ರೂ ಅಳ್ತಾರಾ? ಬುಡಿ ಸಾ, ನಾಳೆ ಬತ್ತದೆ.”

“ಬರಲ್ಲ ನಜೀರಣ್ಣ. ಬರದೇ ಇರೋದೇ ಸರಿ” ಎಂದು ಎಲ್ಲವನ್ನೂ ಹೇಳಿದೆ. ಆಸ್ಪತ್ರೆಯಲ್ಲಿ ನಾನು ಆಡಿದ ಸುಳ್ಳನ್ನೂ ಹೇಳಿದೆ. ಅವರು ನನ್ನನ್ನು ಬೈಯಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. “ಎಲೆ ತಂದ ದಿನ ನಂಗೂ ಒಂದ್ ಕವರು ಬೆರಕೆ ಸೊಪ್ಪು ತಂದ್ಕೊಟ್ಟಿದ್ರು ಸಾ ಅಕ್ಕಾವ್ರು” ಎಂದಷ್ಟೇ ಹೇಳಿ ಹೊರಗೆ ಹೋದರು.

ಬರದೇ ಹೋದ ಆ ಬ್ಯಾಂಡು ನನ್ನ ಮಹಾಪ್ರಬಂಧದ ನಾಲ್ಕನೇ ಅಧ್ಯಾಯವಾಯಿತು. ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರಿಗೆ ಹಿಡಿಸಿದ್ದೂ ಅದೊಂದೇ. “ಈ ಜೀನು ಹೋಗಿರಬಹುದು ಎಂಬ ಅನುಮಾನ ಹೇಗೆ ಬಂತು?” ಎಂದು ಕೇಳಿದರು. “ಕ್ಷೇತ್ರ ವೀಕ್ಷಣೆಯಿಂದ” ಎಂದೆ. ಯಾರ ವೀಕ್ಷಣೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೃತಜ್ಞತೆಯ ಪುಟದಲ್ಲಿ ಯಾರ ಹೆಸರನ್ನು ಬೇಕಾದರೂ ಬರೆದುಕೊ ಎಂದು ಗೈಡು ಹೇಳಿದ್ದರು. ರಾಸಾಯನಿಕ ತಂದುಕೊಡುವ ಏಜೆಂಟರ ಹೆಸರನ್ನೂ ಬರೆದೆ. ಅಕ್ಕನ ಹೆಸರು ಹಾಕಲು ಹೋದಾಗ, ವಿಜ್ಞಾನದ ಪುಸ್ತಕದಲ್ಲಿ ಮನೆಯವರ ಮಾತು ಬಂದರೆ ಓದುವವರು ಏನಂದುಕೊಂಡಾರು ಎಂದು ಅಳುಕಿ, “ಕೊತ್ತತ್ತಿಯ ರೈತರಿಗೆ” ಎಂದು ಇಂಗ್ಲಿಷಿನಲ್ಲಿ ಬರೆದು ಮುಗಿಸಿದೆ.

ಡಾಕ್ಟರೇಟ್ ಬಂದ ಮೇಲೆ ಬೈಂಡಾದ ಒಂದು ಪ್ರತಿ ಹಿಡಿದುಕೊಂಡು ಕೊತ್ತತ್ತಿಗೆ ಹೋದೆ. ಭಾವ ಕೈ ತೊಳೆದುಕೊಂಡು ಬಂದು ಪುಸ್ತಕ ಇಸಿದುಕೊಂಡರು.

“ನಿಮ್ಮಕ್ಕನ ಎಸ್ರು ಎಲ್ಲದೆ? ತೋರ್ಸು ವಸಿ.”

ನಾನು ಪುಟ ತಿರುವಿ ‘ರೈತರು’ ಎಂದಿದ್ದ ಇಂಗ್ಲಿಷ್ ಪದದ ಮೇಲೆ ಬೆರಳಿಟ್ಟೆ. “ಇಲ್ಲಿ ಭಾವ.”

“ಈಟುದ್ದ ಅದೆ?”

“ಇಂಗ್ಲಿಷಲ್ಲಿ ಉದ್ದ ಆಗುತ್ತೆ.”

ಅವರು ಆ ಪದವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. “ಬಾನ್ವಾರ ಮಳವಳ್ಳಿಯಿಂದ ಮಗಳು ಬತ್ತಾಳೆ. ಅವ್ಳು ಇಂಗ್ಲೀಸು ಓದವ್ಳೆ. ಅವರವ್ವನ ವಿಸ್ಯ ಏನ್ ಬರ್ದಿದ್ದೀಯ ಅಂತ ಓದುಸ್ತೀನಿ, ಕುಂತ್ಕಂಡು ಕೇಳ್ತೀನಿ” ಎಂದರು.

ಒಂದು ಪುಟ ಬದಲಾಯಿಸಿ ಕೊಡುತ್ತೀರಾ ಎಂದು ಬೈಂಡಿನವರನ್ನು ಕೇಳಿ ನೋಡಿದೆ, ಆಗುವುದಿಲ್ಲ ಎಂದರು. ಅದಕ್ಕೇ, ಭಾನುವಾರ ಮಗಳು ಬರುವುದರೊಳಗೆ ಮುಗಿಸಬೇಕೆಂದು, ಇದನ್ನು ಕನ್ನಡದಲ್ಲಿ ಬರೆಯಲು ಕೂತೆ. ಬೂಷ್ಟು ಬದಲಾಗಿದೆ ಎಂದು ಮೊದಲು ಕಂಡವಳು ನನ್ನ ಅಕ್ಕ, ಕೊತ್ತತ್ತಿಯ ನಿಂಗಮ್ಮ. ಅವಳು ಗೊಬ್ಬರವನ್ನು ಸರಿಯಾಗಿಯೇ ಹಾಕಿದ್ದಳು. ಈವತ್ತು ಶನಿವಾರ.