ಬಾಗುವ ತೊಲೆಯ ಮಾವ

ನಮ್ಮ ಸೋದರಮಾವ ಮನುಷ್ಯರನ್ನು ಗುರುತಿಸುವುದು ಮುಖದಿಂದಲ್ಲ, ತೂಕದಿಂದ! ರಾಯದುರ್ಗದ ಅವರ ಮನೆಗೆ ಹೋದವರು ಮೊದಲು ಅಂಗಳದ ತೊಲೆಯ ಮೇಲೆ ಕೂರಬೇಕು, ಯೋಗಕ್ಷೇಮವೆಲ್ಲ ಆಮೇಲೆ. ಎರಡು ಕಲ್ಲುಗಳ ಮೇಲೆ ಅಡ್ಡ ಇಟ್ಟ ಆ ತೊಲೆ ನೊರೆ ಕಾಂಕ್ರೀಟಿನದು. ಸಿಮೆಂಟು ಮರಳಿಗೆ ಜಲ್ಲಿಯ ಬದಲು ಸೋಪಿನಂಥ ನೊರೆ ಬೆರೆಸಿ, ಒಳಗೆ ಕಬ್ಬಿಣದ ಸರಳಿಟ್ಟು, ಅವರೇ ಎರಕ ಹೊಯ್ದದ್ದು. ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ ನಿವೃತ್ತರಾದವರು ಇನ್ನೇನು ಮಾಡಿಯಾರು?

"ಕುಂದ್ರಲೇ, ಏನಾಗಂಗಿಲ್ಲ!"

"ಬಗ್ತಾ ಐತಲ್ಲ ಮಾವ! ಮುರಿದೋದ್ರೆ?" ಮಡಕಶಿರಾದಲ್ಲಿ ಹುಟ್ಟಿದ ನನ್ನ ನಾಲಗೆ ಹೆದರಿದಾಗ ಅಪ್ಪಟ ಆ ಕಡೆಯದೇ.

"ಬಾಗ್ಲಿ ಬಿಡು. ಕಲ್ಲು ಹೇಳದಂಗ ಮುರೀತೈತಿ. ಇದು ಮೊದಲು ಬಾಗಿ ತೋರಸ್ತೈತಿ."

ಒಮ್ಮೆ ಶೇಂಗಾ ಮೂಟೆಗಳ ಜೊತೆಗೆ ನಮ್ಮಪ್ಪನನ್ನೂ ಹೇರಿದರು. ಅಪ್ಪ ಸ್ಥೂಲಕಾಯ. ತೊಲೆಯ ಕೆಳಗೆ ಕೂದಲೆಳೆಯಂಥ ಬಿರುಕು ಮೂಡಿತು. ನೆಲದ ಮೇಲೆ ಅಂಗಾತ ಮಲಗಿದ್ದ ಮಾವ "ಬಂತು! ಬಂತು!" ಎಂದು ಕೂಗಿದರು. ಹೆರಿಗೆ ಕೋಣೆಯ ಹೊರಗೆ ನಿಂತ ಗಂಡಸರೂ ಅಷ್ಟು ಖುಷಿಪಡುವುದಿಲ್ಲ!

ಕಣೇಕಲ್ಲಿನ ಕೆರೆಯಲ್ಲಿ ಇಟ್ಟಿಗೆಯಷ್ಟು ದೊಡ್ಡ ತುಂಡೊಂದನ್ನು ತೇಲಿಬಿಟ್ಟದ್ದೂ ಉಂಟು. ಜನ ಸೇರಿದರು. ಮಾವ ನೊರೆಯ ಗುಳ್ಳೆಗಳ ಬಗ್ಗೆ ವಿವರಿಸಿ ಮುಗಿಸುವಷ್ಟರಲ್ಲಿ ಯಾರೋ ಅದಕ್ಕೆ ಕುಂಕುಮ ಹಚ್ಚಿಬಿಟ್ಟಿದ್ದರು. ಕೈಮುಗಿಯಲು ಎಲ್ಲರೂ ತಯಾರು. ಅದರಲ್ಲಿ ಮನೆ ಕಟ್ಟಿಸಲು ಒಬ್ಬರೂ ಇಲ್ಲ!

ಕೊನೆಗೆ ನಮ್ಮಪ್ಪ ಒಪ್ಪಿದ. ಮಡಕಶಿರಾದಲ್ಲಿ ನಮ್ಮ ಹೊಸ ಮನೆ ಏಳುತ್ತಿತ್ತು. "ನಿಮ್ಮ ತೊಲೆನೇ ಹಾಕ್ಸಾನ ಬಾವ" ಎಂದ. ಆ ಬೇಸಿಗೆ ಪೂರ್ತಿ ಮಾವ ಎರಕ ಹೊಯ್ದು, ಮಕ್ಕಳಿಗೆ ಮೈತೊಳೆದಂತೆ ತೊಲೆಗಳಿಗೆ ನೀರುಣಿಸಿ, ಲಾರಿಯಲ್ಲಿ ಕಳಿಸಿದರು.

ಗೃಹಪ್ರವೇಶದ ದಿನ ಹೊಸ ಪಂಚೆಯುಟ್ಟು ಬಂದ ಮಾವ ಕೋಣೆಕೋಣೆಯಲ್ಲೂ ತಲೆಯೆತ್ತಿ ಹುಡುಕಿದರು. ಎಲ್ಲಿಯೂ ಅವರ ತೊಲೆಯಿಲ್ಲ. ಹಿತ್ತಲಿಗೆ ಹೋದರು. ಚರಂಡಿಗೆ ಅಡ್ಡಲಾಗಿ ಮಲಗಿದ್ದ ಅವರ ತೊಲೆಗಳ ಮೇಲೆ ನಮ್ಮ ಎಮ್ಮೆ ಗಂಭೀರವಾಗಿ ದಾಟುತ್ತಿತ್ತು! ನೆಂಟರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎಂಥ ನೆಂಟರು! ಮಾವನ ಮನೆಯ ಹೋಳಿಗೆಗೆ ಸಾಲು ಹಿಡಿಯುವಾಗ ಮಾತ್ರ ಅವರು ಇವರಿಗೆ ದೊಡ್ಡ ಮನುಷ್ಯ.

"ಮೇಸ್ತ್ರಿ ಬ್ಯಾಡ ಅಂದ ಬಾವ," ಎಂದು ಅಪ್ಪ ತಲೆ ಕೆರೆದುಕೊಂಡ.

ಮಾವ ಬಗ್ಗಿ ತೊಲೆಯ ಅಡಿಯನ್ನೊಮ್ಮೆ ನೋಡಿದರು. "ಎಮ್ಮಿ ತಡ್ಕೊಂಡೈತಿ. ಚಲೋ ಆತು," ಎಂದರು. ಊಟಕ್ಕೂ ನಿಲ್ಲದೆ ಬಸ್ಸು ಹಿಡಿದರು.

ಆಮೇಲೆ ಅವರು ಯಾರನ್ನೂ ಕೂರಲು ಕರೆಯಲಿಲ್ಲ. ತಮ್ಮ ಹಿತ್ತಲಲ್ಲೇ ಒಂದು ಕೋಣೆ ಕಟ್ಟಿದರು. ತೊಲೆ, ಚಾವಣಿ ಎಲ್ಲ ನೊರೆಯದೇ. ನೋಡಲು ಹೋದವನು ನಾನೊಬ್ಬನೇ.

ಮಾವನ ಹೆಂಡತಿ, ನಮ್ಮತ್ತೆಯ ವಿಷಯ ಅಂದೇ ನನಗೆ ತಿಳಿದದ್ದು. ಅತ್ತೆ ಚಿಕ್ಕವಳಿದ್ದಾಗ ತವರುಮನೆಯ ಚಾವಣಿಯ ಕಲ್ಲುಚಪ್ಪಡಿ ಮುರಿದು, ಪಕ್ಕದಲ್ಲೇ ಮಲಗಿದ್ದ ತಂಗಿಯ ಮೇಲೆ ಬಿದ್ದಿತ್ತು. ತಂಗಿ ಉಳಿಯಲಿಲ್ಲ. ಮದುವೆಯಾಗಿ ಬಂದ ಮೇಲೂ ಅತ್ತೆ ಚಾವಣಿಯ ಕೆಳಗೆ ಮಲಗಿದವಳಲ್ಲ. ಅಂಗಳದಲ್ಲಿ ಚಾಪೆ, ಮಳೆ ಬಂದರೆ ತಗಡಿನ ಚಪ್ಪರ. ಸೆಖೆಗೆಂದು ನಾವೆಲ್ಲ ತಿಳಿದಿದ್ದೆವು.

ಮಾವ ಹೊಸ ಚಾವಣಿಯ ಮೇಲೆ ಮರಳಿನ ಚೀಲ ಹೇರಿ, ಒಳಗೆ ಗೋಡೆಯಿಂದ ಗೋಡೆಗೆ ದಾರ ಕಟ್ಟಿ, ತೊಲೆ ಎಷ್ಟು ಬಾಗಿದೆಯೆಂದು ಅತ್ತೆಗೆ ತೋರಿಸಿದರು. ಚೀಲ ಇಳಿಸಿದ ಮೇಲೆ ತೊಲೆ ಮತ್ತೆ ಮೇಲೆದ್ದುದನ್ನೂ ತೋರಿಸಿದರು. ಅತ್ತೆ ಬಹಳ ಹೊತ್ತು ದಾರವನ್ನೇ ನೋಡುತ್ತ ನಿಂತಳು. ಆಮೇಲೆ ಅಂಗಳದ ಚಾಪೆ ತಂದು ತೊಲೆಯ ನೇರಕ್ಕೇ ಹಾಸಿದಳು.

ನಾನು ಚಹಾ ಕುಡಿದು ಮರಳಿದಾಗ ಮಾವ ಹೊಸ್ತಿಲಲ್ಲಿ ಕೂತು ಬಾಯಿಗೆ ಬೆರಳಿಟ್ಟರು.

"ಮೆಲ್ಲಕ ಬಾರಲೇ. ಅಕಿಗೆ ನಿದ್ದಿ ಹತ್ತೈತಿ."