ನನ್ನ ಬಾಗಿಲಿಗೆ ಇಟ್ಟಿಗೆ ಇಡಿಸಹೊರಟ ಅಧ್ಯಕ್ಷರಿಗೆ

ಪರಂಪರೆ ಸಂರಕ್ಷಣಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ತಮ್ಮ ಅರ್ಧ ಗಡ್ಡವನ್ನು ಇನ್ನೂ ಬಾಕಿ ಇಟ್ಟುಕೊಂಡಿರುವ ಕ್ಷೌರದಂಗಡಿಯಿಂದ ಭಯಭಕ್ತಿಪೂರ್ವಕ ನಮಸ್ಕಾರಗಳು.

ನಮ್ಮ ಪೇಟೆಯ ಕೆಂಪು ಇಟ್ಟಿಗೆಯ ಕಟ್ಟಡಕ್ಕೆ ಇತಿಹಾಸವಿದೆ ಎಂಬುದು ಅಜ್ಜನ ಕಾಲದಿಂದ ಅದರಲ್ಲೇ ಕತ್ತರಿ ಆಡಿಸುತ್ತಿರುವ ನಮಗೆ ತಮ್ಮಿಂದಲೇ ತಿಳಿಯಿತು. ಅಲ್ಲಿಯವರೆಗೆ ಅದಕ್ಕೆ ಸೋರಿಕೆ ಮಾತ್ರ ಇದೆ ಎಂದುಕೊಂಡಿದ್ದೆವು. ತಾವು ಎಲ್ಲಿಂದಲೋ ಹಳೆಯ ಫೋಟೋವೊಂದನ್ನು ಹುಡುಕಿ ತಂದು, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಎಲ್ಲ ಅಂಗಡಿಗಳಿಗೂ ಹಂಚಿದಿರಿ. ಅದರಲ್ಲಿ ಬಲಗಡೆ, ಅಂದರೆ ಈಗ ತಮ್ಮ ಸಮಿತಿಯ ಕಚೇರಿ ಇರುವ ಕಡೆ, ಬಾಗಿಲಿತ್ತು. ನನ್ನ ಅಂಗಡಿಯಿರುವ ಎಡಗಡೆ ಬರೀ ಗೋಡೆ. ಕಟ್ಟಡ ಹುಟ್ಟಿದಾಗ ಇದ್ದಂತೆಯೇ ಆಗಬೇಕೆಂದು, ಸೋಮವಾರ ನನ್ನ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿಸಲು ತಾವು ಅಪ್ಪಣೆ ಮಾಡಿದಿರಿ.

ಗಿರಾಕಿಗಳು ಎಲ್ಲಿಂದ ಬರಬೇಕು ಎಂದು ಕೇಳಿದ್ದಕ್ಕೆ, "ಇತಿಹಾಸಕ್ಕೆ ಸ್ವಲ್ಪ ಹೊಂದ್ಕೊಂಡು ಹೋಗಪ್ಪ" ಎಂದಿರಿ. ನಮ್ಮ ಮನೆಯ ಒಲೆ ಉರಿಯುವುದೇ ಆ ಬಾಗಿಲಿನಿಂದಾದ್ದರಿಂದ ಅಂದು ಹೊಟ್ಟೆಯೂ ಉರಿಯಿತು, ಸುಳ್ಳೇಕೆ ಹೇಳಲಿ. ಆದರೂ ದೊಡ್ಡವರ ಮಾತು ಮೀರಬಾರದೆಂದು, ಗಿರಾಕಿಗಳು ಹೊರಗೇ ನಿಂತು ತಲೆಯನ್ನಷ್ಟೇ ಗಾಳಿಕಿಂಡಿಯಿಂದ ಒಳಗೆ ತೂರಿಸಲು ಸಮಿತಿಯ ಅನುಮತಿ ಬೇಡಬೇಕೆಂದಿದ್ದೆ.

ಫೋಟೋದಲ್ಲಿರುವ ನಾಮಫಲಕ ಓದಲು ಏಕೆ ಬರುತ್ತಿಲ್ಲವೆಂದು ನಮ್ಮ ಗಲ್ಲಾಪೆಟ್ಟಿಗೆ ಕಾಯುವ ಸೋದರತ್ತೆ ಕೇಳಿದಾಗ, "ಬಹಳ ಪ್ರಾಚೀನ ಲಿಪಿ ಕಣಮ್ಮ, ವಿದ್ವಾಂಸರಿಗೆ ಕಳಿಸಿದ್ದೀವಿ" ಎಂದು ತಾವು ತಿಳಿಹೇಳಿದ್ದನ್ನು ಮರೆಯುವುದುಂಟೇ?

ಅಂತಹ ಲಿಪಿಯನ್ನು ನಿನ್ನೆ ತಾವೇ ಓದಿದಿರಿ! ನನ್ನ ಕುರ್ಚಿಯಲ್ಲಿ, ಒಂದು ಕೆನ್ನೆಯ ನೊರೆ ಹಾಗೇ ಇರುವಾಗ, ಹಿಂದಿನ ಗೋಡೆಯ ಫೋಟೋವನ್ನು ಎದುರಿನ ಕನ್ನಡಿಯಲ್ಲಿ ಕಂಡು, "ಹಿಟ್ಟಿನ ಗಿರಣಿ" ಎಂದು ಸರಾಗವಾಗಿ ಓದಿಬಿಟ್ಟಿರಿ. ಫೋಟೋವನ್ನು ಎಡಬಲ ತಿರುಗಿಸಿ ಅಚ್ಚು ಹಾಕಿಸಿದ್ದೀರೆಂದು, ಗೋಡೆ ಇದ್ದದ್ದು ತಮ್ಮ ಕಡೆ, ಬಾಗಿಲು ಇದ್ದದ್ದು ನನ್ನ ಕಡೆ ಎಂದು ಆಗ ಎಲ್ಲರಿಗೂ ಹೊಳೆಯಿತು. ತಾವು ಟವೆಲ್ ಸಮೇತ ಹೊರಟೇಬಿಟ್ಟಿರಿ. "ವಿದ್ವಾಂಸರು ನಮ್ಮ ಕನ್ನಡೀಲೇ ಇದ್ರಲ್ಲೋ!" ಎಂದು ಅತ್ತೆ ಇನ್ನೂ ನಗುತ್ತಿದ್ದಾಳೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ. ಇತಿಹಾಸಕ್ಕೆ ಬೇಕೆಂದು ತೋರಿಸಿಕೊಟ್ಟ ತಮಗೆ ನಾವು ಚಿರಋಣಿಗಳು.

ಇತಿ,
ಕಟ್ಟಡ ಹುಟ್ಟಿದಂದಿನಿಂದ ಇದ್ದ ಬಾಗಿಲಿನಲ್ಲೇ ನಿಂತಿರುವ,
ತಮ್ಮ ವಿಶ್ವಾಸಿ,
ಎಡಗಡೆಯ ಕ್ಷೌರಿಕ

ಮರೆತಿದ್ದು: ಇಂದು ಸೋಮವಾರ. ಗಾರೆ ಕೆಲಸದವರು ಬೆಳಗ್ಗೆಯೇ ಇಟ್ಟಿಗೆ ತಂದು, "ಯಾವ ಬಾಗಿಲಣ್ಣ?" ಎಂದರು. ಇತಿಹಾಸಕ್ಕೆ ಅಡ್ಡ ಬರಬಾರದೆಂದು ಕನ್ನಡಿಯಲ್ಲಿ ಆ ಫೋಟೋ ತೋರಿಸಿದೆ. ತಾವು ಈ ಪತ್ರವನ್ನು ಕಚೇರಿಯೊಳಗೆ ಕುಳಿತು ಓದುತ್ತಿದ್ದರೆ ಸ್ವಲ್ಪ ಹೊಂದಿಕೊಂಡು ಹೋಗಿ. ಉಳಿದ ಕೆನ್ನೆಯನ್ನು ಗಾಳಿಕಿಂಡಿಯಿಂದ ಹೊರಗೆ ತೂರಿಸಿದರೆ ನಾನೇ ಅಲ್ಲಿಗೆ ಬಂದು ಬೋಳಿಸುತ್ತೇನೆ.