ಚಪ್ಪಲಿಯ ಕುಶಲ ವಿಚಾರಿಸುವ ನಾದಿನಿ

ನನ್ನ ನಾದಿನಿ ನಮ್ಮ ಮನೆಗೆ ಬಂದರೆ ಮೊದಲು ಕುಶಲ ವಿಚಾರಿಸುವುದು ನನ್ನದಲ್ಲ, ಅವಳ ಅಣ್ಣನದಂತೂ ಅಲ್ಲವೇ ಅಲ್ಲ. ನಮ್ಮ ಚಪ್ಪಲಿಗಳದ್ದು! ಜಪಾನಿನ ಗ್ಯೋಟೋಕುವಿನಲ್ಲಿರುವ ನಮ್ಮ ಪುಟ್ಟ ಫ್ಲ್ಯಾಟಿನ ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು, ಒಂದೊಂದನ್ನೇ ತಿರುಗಿಸಿ ನೋಡಿ, "ಅತ್ತಿಗೆ, ಇದು ಯಾವ ಪಾರ್ಕಿನ ಮಣ್ಣು?" ಅಂತಾಳೆ. ನನಗೇನು ಗೊತ್ತು? ಮಣ್ಣು ಅಂದ್ರೆ ಮಣ್ಣು! ಅಷ್ಟರಲ್ಲಿ ಅವಳ ಬ್ಯಾಗಿನಿಂದ ಬ್ರಷ್ಷು, ಸ್ಪ್ರೇ ಬಾಟಲಿ ಹೊರಗೆ ಬಂದಿರುತ್ತವೆ. ನನ್ನ ಮಗಳಂತೂ ಬೆಲ್ ಆದ ಕೂಡಲೇ "ಅತ್ತೆ, ವೇಟ್!" ಅಂತ ಕೂಗಿ ತನ್ನ ಶೂಸನ್ನು ಹಾಸಿಗೆ ಕೆಳಗೆ ಬಚ್ಚಿಡುತ್ತಾಳೆ. ಇಡೀ ಜಪಾನಿನಲ್ಲಿ ಶೂ ಮನೆಯೊಳಗೆ ಬರುವುದು ನಮ್ಮಲ್ಲಿ ಮಾತ್ರ!

ಅವಳ ಓದೇ ಅಂಥದ್ದು. ಬಿಯರಿಗೆ ಕಹಿಯನ್ನೂ ಘಮವನ್ನೂ ಕೊಡುವ ಹಾಪ್ ಅನ್ನೋ ಬಳ್ಳಿಯೊಂದಿದೆ. ಅದಕ್ಕೆ ಬರುವ ಸೊರಗು ರೋಗದ ಮೇಲೆ ಕಾಶಿವಾ ಅನ್ನೋ ಊರಿನ ಒಂದು ಲ್ಯಾಬಿನಲ್ಲಿ ಸಂಶೋಧನೆ ಮಾಡ್ತಾಳೆ. ಮಣ್ಣಲ್ಲಿರುವ ಶಿಲೀಂಧ್ರ ಬೇರಿನಿಂದ ಒಳಗೆ ಹೊಕ್ಕು ನೀರಿನ ದಾರಿಯನ್ನೇ ಕಟ್ಟಿಬಿಡುತ್ತದಂತೆ. ಎಲೆ ಹಳದಿಯಾಗಿ ಬಳ್ಳಿ ಸೊರಗಿ ಸಾಯುತ್ತದಂತೆ. ಒಂದು ತೋಟದಿಂದ ಇನ್ನೊಂದಕ್ಕೆ ಹೋಗಲು ಅದಕ್ಕೆ ಬೂಟಿಗಂಟಿದ ಚೂರು ಮಣ್ಣು ಸಾಕು.

ಮೈಸೂರಲ್ಲಿರುವ ನಮ್ಮತ್ತೆಯ ಬಾಯಲ್ಲಿ ಬಿಯರ್ ಅನ್ನೋ ಮಾತು ಬರುವುದುಂಟೆ? "ಮಗಳು ಬಳ್ಳಿಗಳಿಗೆ ಡಾಕ್ಟರು" ಅಂದರಂತೆ. ಪಕ್ಕದ ಮನೆಯಾಕೆ "ಓ, ವೀಳ್ಯದೆಲೆ!" ಅಂದರಂತೆ. ಅತ್ತೆ ಸುಮ್ಮನೆ ತಲೆಯಾಡಿಸಿದರಂತೆ. ಈಗ ಆ ಬೀದಿಗೆಲ್ಲ ನನ್ನ ನಾದಿನಿ ಜಪಾನಿನ ವೀಳ್ಯದೆಲೆ ತಜ್ಞೆ. ಪಾಪ, ಬಿಯರಿನ ರುಚಿ ಅವಳಿಗೂ ಗೊತ್ತಿಲ್ಲ ಬಿಡಿ. ಲ್ಯಾಬಿನ ಪಾರ್ಟಿಗಳಲ್ಲಿ ಎಲ್ಲರೂ ಗ್ಲಾಸೆತ್ತಿದರೆ ಇವಳು ತಣ್ಣನೆ ಟೀ ಎತ್ತುತ್ತಾಳೆ.

ಓಜಿಮಾದಲ್ಲಿರುವ ಗೆಳತಿಯೊಬ್ಬಳ ಮನೆಗೆ ಅರಿಶಿನ ಕುಂಕುಮಕ್ಕೆ ಅವಳನ್ನು ಕರೆದುಕೊಂಡು ಹೋಗಿದ್ದೇ ನನ್ನ ತಪ್ಪು ನೋಡಿ! ಆ ಗೆಳತಿ ಊರಿಂದ ತುಳಸಿ ಗಿಡವನ್ನು ಸೂಟ್‌ಕೇಸಲ್ಲಿ ಅಡಗಿಸಿ ತಂದಿದ್ದಳು.

"ಬೇರಲ್ಲಿ ಮಣ್ಣಿತ್ತಾ?" ನಾದಿನಿಯ ಮುಖ ಬಿಳಿಚಿತು.

"ಇಲ್ದೆ ಇರತ್ತಾ? ನಮ್ಮೂರ ಮಣ್ಣು ಕಣ್ರೀ!" ಗೆಳತಿ ಬೀಗಿದಳು.

ಮಣ್ಣು ತರುವುದಕ್ಕೆ ಈ ದೇಶದಲ್ಲಿ ಅನುಮತಿಯೇ ಇಲ್ಲ ಅಂತ ನಾದಿನಿಯ ಉಪನ್ಯಾಸ ಶುರುವಾಯಿತು. ಕೊನೆಗೆ ಕುಂಡದ ಸಮೇತ ತುಳಸಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಮೇಲೆ ಟೇಪನ್ನೂ ಸುತ್ತಿದಳು. ಅವತ್ತು ನಾವೆಲ್ಲ ಆರತಿ ಎತ್ತಿದ್ದು ಪಾರ್ಸೆಲ್ಲಿಗೆ! ಆ ಗೆಳತಿ ಮತ್ತೆ ನಮ್ಮನ್ನು ಕರೆದಿಲ್ಲ.

ಹೀಗೆ ನಗುತ್ತಿದ್ದ ನನಗೆ ಈ ಬೇಸಿಗೆಯಲ್ಲಿ ನಗು ನಿಂತುಹೋಯಿತು. ಒಂದು ಶನಿವಾರ ಬಂದವಳು ಚಪ್ಪಲಿಗಳ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಒಳಗೆ ಬಂದು ಸೋಫಾದಲ್ಲಿ ಕುಸಿದಳು.

"ಏನಾಯ್ತೇ?"

"ಅಜ್ಜಿ ತೋಟದಲ್ಲಿ ಎಲೆ ಹಳದಿ ಆಗ್ತಿದೆ ಅತ್ತಿಗೆ."

ಉತ್ತರದ ಇವಾತೆ ಕಡೆ ಒಬ್ಬರು ಜಪಾನಿ ಅಜ್ಜಿ ಇದ್ದಾರೆ. ಗಂಡ ಹೋದ ಮೇಲೆ ಒಬ್ಬರೇ ಹಾಪ್ ತೋಟ ನೋಡಿಕೊಳ್ಳುತ್ತಾರೆ. ಇವಳು ಅಲ್ಲಿಗೆ ಹೋದಾಗಲೆಲ್ಲ ಮೀನಿಲ್ಲದ ಅಡುಗೆ ಮಾಡಿ ಬಡಿಸುತ್ತಾರೆ. ಹೋದ ವರ್ಷ ಇವಳು ರೋಗ ಬಂದ ತೋಟವೊಂದನ್ನು ನೋಡಿಕೊಂಡು ಅದೇ ದಿನ ಅಜ್ಜಿಯ ತೋಟಕ್ಕೂ ಹೋಗಿದ್ದಳಂತೆ.

"ನಡುವೆ ಬೂಟು ತೊಳೆದೆನೋ ಇಲ್ವೋ, ಎಷ್ಟು ಯೋಚಿಸಿದರೂ ನೆನಪಿಗೆ ಬರ್ತಿಲ್ಲ."

ಗ್ಯಾಸ್ ಆಫ್ ಮಾಡಿದೆವೋ ಇಲ್ಲವೋ ಅಂತ ಅರ್ಧ ದಾರಿಯಲ್ಲಿ ನಮಗೆ ಅನುಮಾನ ಬರುವುದಿಲ್ಲವೇ? ದಿನಾ ಮಾಡುವ ಕೆಲಸ ನೆನಪಲ್ಲಿ ಉಳಿಯುವುದಿಲ್ಲ. ಆದರೆ ಇಲ್ಲಿ ಹೋಗುವುದು ಇಡೀ ತೋಟ! ರೋಗ ಅದೇ ಆಗಿದ್ದರೆ ಬಳ್ಳಿಗಳನ್ನೆಲ್ಲ ಕಿತ್ತು ಸುಡಬೇಕು, ಆಮೇಲೂ ಆ ಮಣ್ಣಲ್ಲಿ ಶಿಲೀಂಧ್ರ ವರ್ಷಗಟ್ಟಲೆ ಇರುತ್ತದಂತೆ. ಆ ವಯಸ್ಸಲ್ಲಿ ಅಜ್ಜಿ ಇನ್ನೇನು ಮಾಡಬೇಕು? ಇವಳು ಅಜ್ಜಿಗೆ ಫೋನ್ ಮಾಡಿ ಬೂಟಿನ ವಿಷಯವನ್ನೂ ಹೇಳಿಬಿಟ್ಟಿದ್ದಳು. ಸುಳ್ಳು ಹೇಳಲು ಬಾರದ ಪ್ರಾಣಿ!

ಅಜ್ಜಿಯ ತೋಟದ ಬೇರು, ಕಾಂಡದ ಚೂರುಗಳನ್ನು ಲ್ಯಾಬಿನಲ್ಲಿಟ್ಟು ಶಿಲೀಂಧ್ರ ಬೆಳೆಯುತ್ತದಾ ಅಂತ ಕಾಯಬೇಕು. ಆ ದಿನಗಳಲ್ಲಿ ಅವಳಿಗೆ ಅನ್ನ ಸೇರಲಿಲ್ಲ. ನಾನು ಬಿಸಿಬೇಳೆ ಭಾತ್ ಮಾಡಿದೆ, ಹೋಳಿಗೆ ತಟ್ಟಿದೆ, ಬೈದೂ ನೋಡಿದೆ. "ಬೇಡ ಅತ್ತಿಗೆ" ಅನ್ನುವುದೊಂದೇ ಮಾತು.

ಆ ಫೋನ್ ಬಂದಾಗ ನಾನು ಮೂಲೆಯ ಕೊಂಬಿನಿ ಅಂಗಡಿಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದು ಕ್ಯೂನಲ್ಲಿದ್ದೆ.

"ಅತ್ತಿಗೆ, ಅದಲ್ಲ! ಆ ರೋಗ ಅಲ್ಲ! ಕಾಲುವೆ ಕಟ್ಟಿಕೊಂಡು, ಒಂದು ಮೂಲೇಲಿ ನೀರು ನಿಂತು ಬೇರು ಕೊಳೆತಿದೆ, ಅಷ್ಟೇ!"

"ಕೊಳೀಲಿ ಬಿಡೇ, ಚೆನ್ನಾಗಿ ಕೊಳೀಲಿ!" ಅಂತ ಕಿರುಚಿಬಿಟ್ಟೆ. ಬೇರು ಕೊಳೆತ ಸುದ್ದಿಗೆ ಕುಣಿದಾಡಿದ ಸಂಸಾರ ಲೋಕದಲ್ಲಿ ನಮ್ಮದೊಂದೇ ಇರಬೇಕು! ಕ್ಯೂನಲ್ಲಿದ್ದವರಿಗೆಲ್ಲ ಸುಮಿಮಾಸೆನ್, ಕ್ಷಮಿಸಿ ಅನ್ನುತ್ತಾ ಹೊರಗೆ ಬಂದು, ನಿಂತಲ್ಲೇ ಅತ್ತುಬಿಟ್ಟೆ. ಎದೆಯ ಮೇಲಿನ ಚಪ್ಪಡಿ ಇಳಿಸಿದ ಹಾಗಾಗಿತ್ತು.

ಮುಂದಿನ ವಾರ ಅವಳ ಜೊತೆ ನಾನೂ ಇವಾತೆಗೆ ಹೋದೆ. ತೋಟದಲ್ಲಿ ಅಜ್ಜಿಯ ಜೊತೆ ಪಕ್ಕದ ತೋಟದ ಯಜಮಾನರೂ ಇದ್ದರು. ಅವರು ನಗುತ್ತಾ ಅಜ್ಜಿಗೆ ಏನೋ ಅಂದರು. ನಾದಿನಿ ಅರ್ಥವಾಗದೆ ನಿಂತಳು, ಕೇಳಿದಳು, ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು.

"ಸದ್ಯ, ನೀವು ತಂದ ಗುದ್ದಲಿಯದೇನೂ ತಪ್ಪಿಲ್ಲ ಅಂತ ಇವರು ಅಜ್ಜಿಗೆ ಹೇಳ್ತಿದಾರೆ ಅತ್ತಿಗೆ. ಅಜ್ಜಿ ಊರಿಗೆಲ್ಲ ಹೇಳಿಬಿಟ್ಟಿದ್ರಂತೆ, ರೋಗದ ತೋಟದಿಂದ ನಾನೇ ಗುದ್ದಲಿ ಎರವಲು ತಂದಿದ್ದೆ, ತೊಳೆಯದೆ ಬಳಸಿದೆ, ಅದರಿಂದಲೇ ಬಂದಿರಬೇಕು ಅಂತ."

"ತಂದಿದ್ರಾ?"

"ಇಲ್ಲ. ಅಜ್ಜಿ ತಮ್ಮ ಗುದ್ದಲಿ ಬಿಟ್ಟು ಬೇರೆಯವರದ್ದು ಮುಟ್ಟೋರೇ ಅಲ್ಲ."

ಯಾಕೆ ಹಾಗೆ ಹೇಳಿದಿರಿ ಅಂತ ಅವಳು ಅಜ್ಜಿಯನ್ನು ಕೇಳಿದಳು. ಅಜ್ಜಿ ಬಳ್ಳಿಯ ತುದಿಯನ್ನು ದಾರಕ್ಕೆ ಸುತ್ತುತ್ತಲೇ ಮೆಲ್ಲಗೆ ಉತ್ತರ ಕೊಟ್ಟರು. ಮುದುಕಿಯನ್ನು ಯಾರು ಏನು ಅಂದರೇನು, ನೀನು ಇನ್ನೂ ಎಷ್ಟೋ ಜನರ ತೋಟಕ್ಕೆ ಹೋಗಬೇಕಾದವಳು, ಅಂದರಂತೆ.

ನನಗೆ ಬರುವ ಜಪಾನಿ ಭಾಷೆ ತರಕಾರಿ ಅಂಗಡಿಗೇ ಸಾಲದು. ಈ ಮಾತಿಗೆಲ್ಲಿ ಸಾಲಬೇಕು? ಬಗ್ಗಿ ಅಜ್ಜಿಯ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅಜ್ಜಿ ಗಾಬರಿಯಾಗಿ ನನಗಿಂತ ಕೆಳಗೆ ಬಗ್ಗಿದರು. ನಾನು ಏಳುವ ತನಕ ಅವರೂ ಏಳಲಿಲ್ಲ.